ಹೊಸ ಆಟಗಳು, ಹೊಸ ವೇಷಗಳು

ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ನಮ್ಮ ಶಾಲೆಯವರು ಹೇಳಿಕಳುಹಿಸಿದಾಗ, ಒಂದೇ ಬೆಂಚಿನಲ್ಲಿ ಕುಳಿತು ಓದಿದ ನಾವು ನಾಲ್ವರು ಹಳೆಯ ವಿದ್ಯಾರ್ಥಿನಿಯರು ಒಟ್ಟಾಗಿ ಕುಳಿತು ಆಲೋಚಿಸಿದೆವು. ಉಪಾಧ್ಯಾಯಿನಿಯರ ಗುಣಾವಳಿಯನ್ನೂ ಬೋರ್ಡಿಂಗಿನ ಗಂಜಿ ಚಟ್ನಿಯ ರುಚಿಯನ್ನೂ ನಮಗಿಂತ ಚೆನ್ನಾಗಿ ವರ್ಣಿಸಬಲ್ಲವರು ಅನೇಕರಿದ್ದಾರೆ. ಅವರ ಪಾಲಿನದನ್ನು ನಾವು ಕಸಿದುಕೊಳ್ಳುವುದು ತರವಲ್ಲ. ಈಗಿನ ತಾಯ್ತಂದೆಗಳು ಮದುವೆಯ ಚಪ್ಪರದಲ್ಲಾಗಲಿ ಶಾಲೆಯ ಬಾಗಿಲಿನಲ್ಲಾಗಲಿ ಕೂಡಿದೊಡನೆ ಯಾವ ಮಾತನ್ನು ಎತ್ತುವರೋ ಅದನ್ನೇ ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ಅದಾವುದೆಂದರೆ ಮಕ್ಕಳ ಕೈಯಲ್ಲಿರುವ ಮೊಬೈಲು ಮತ್ತು ಅದರೊಳಗಿನ ಆಟ. ನಮ್ಮಲ್ಲಿ ಇಬ್ಬರು ಪಾಠ ಹೇಳಿ ನಿವೃತ್ತರಾದವರು, ಒಬ್ಬಳು ದಾದಿಯಾಗಿ ಸೇವೆ ಸಲ್ಲಿಸಿದವಳು, ಒಬ್ಬಳು ಮನೆವಾರ್ತೆಯನ್ನು ನಡಸಿಕೊಂಡು ಬಂದವಳು. ಶಾಲೆಯನ್ನು ಬಿಟ್ಟು ನಾಲ್ವತ್ತು ವರ್ಷಗಳ ಮೇಲಾದರೂ ನಮ್ಮ ಅಭಿಪ್ರಾಯಗಳು ಇನ್ನೂ ಒಂದಾಗಿಲ್ಲವೆಂಬುದನ್ನು ವಾಚಕರು ಮುಂದೆ ಕಾಣುವರು.

ಆಟವು ಓದಿಗೆ ಶತ್ರುವೆಂಬ ತೀರ್ಪು ಬಹು ಹಳೆಯದು. ಭೂಗೋಳದ ಪುಸ್ತಕದ ನಡುವೆ ಕಾದಂಬರಿಯನ್ನು ಅಡಗಿಸಿ ಓದಿದವರು ಈ ಸಂಚಿಕೆಯ ವಾಚಕರಲ್ಲಿ ಕಡಿಮೆಯಿಲ್ಲ, ಹೆಸರು ಹೇಳುವುದಿಲ್ಲ. ಸಿನೆಮಾ ಬಂದಾಗ ಅದನ್ನು ಬೈದರು, ರೇಡಿಯೊ ಬಂದಾಗ ಅದನ್ನು ಬೈದರು. ನಮ್ಮ ಕರಾವಳಿಗೆ ಅಚ್ಚಿನ ಹಾಳೆಯೇ ಹೊಸತಾಗಿದ್ದ ಕಾಲವೂ ಇತ್ತು. 1843ರಲ್ಲಿ ಹೆರ್ಮನ್ ಮೊಗ್ಲಿಂಗರು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ, ಅದುವರೆಗೆ ಸುದ್ದಿಯನ್ನು ಕಿವಿಯಿಂದಲೇ ಕೇಳಿ ಬಲ್ಲವರು ಅದನ್ನು ಕಣ್ಣಿನಿಂದ ಓದುವುದಕ್ಕೆ ಕಲಿಯಬೇಕಾಯಿತು. ಇನ್ನು ಆಟಿ ತಿಂಗಳ ಮಳೆಯಲ್ಲಿ 14 ಗುಳಿಗಳ ಚೆನ್ನೆಮಣೆಯ ಮುಂದೆ ಕುಳಿತು ನಾವು ಕಲಿತ ಮನೋಗಣಿತವನ್ನು ಯಾವ ಮಗ್ಗಿ ಪುಸ್ತಕವೂ ನಮಗೆ ಕಲಿಸಲಿಲ್ಲ. ಆದುದರಿಂದ ಆಟವೆಂಬ ಮಾತ್ರಕ್ಕೆ, ಹೊಸತೆಂಬ ಮಾತ್ರಕ್ಕೆ, ನಾವು ಬೆದರುವವರಲ್ಲ. ನಮ್ಮನ್ನು ಯೋಚನೆಗೆ ಹಚ್ಚಿದುದು ಬೇರೊಂದು. ಚೆನ್ನೆಮಣೆಯ ಮುಂದೆ ಕುಳಿತವಳು ತಾನು ತಾನಾಗಿಯೇ ಇರುವಳು. ಈ ಹೊಸ ಆಟಗಳೊಳಗೆ ಹೊಕ್ಕವಳು ಮೊದಲು ಒಂದು ವೇಷವನ್ನು ಕಟ್ಟಿಕೊಳ್ಳಬೇಕು.

ಕಂಪ್ಯೂಟರಿನ ಆಟವು ಎಲ್ಲೋ ಹೊರಗೆ ಹುಟ್ಟಿ ಕಳ್ಳನಂತೆ ಪಾಠಶಾಲೆಯೊಳಗೆ ನುಸುಳಿತೆಂದು ಅನೇಕರು ಭಾವಿಸುವರು. ಅದರ ಒಂದು ಮುಖ್ಯ ಕವಲಾದರೂ ಹುಟ್ಟಿದುದು ತರಗತಿಯಲ್ಲೇ. 1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಡಾನ್ ರಾವಿಚ್ ಎಂಬ ತರುಣನು ಶಿಕ್ಷಕವೃತ್ತಿಯ ಅಭ್ಯಾಸಕ್ಕಾಗಿ ಎಂಟನೆಯ ತರಗತಿಗೆ ಚರಿತ್ರೆಯನ್ನು ಕಲಿಸುತ್ತಿದ್ದನು. ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತಿನ ಬಂಡಿಗಳನ್ನು ಹೂಡಿಕೊಂಡು ಪಶ್ಚಿಮದ ಆರೆಗಾನ್ ಸೀಮೆಗೆ ವಲಸೆ ಹೋದವರ ಕಥೆಯನ್ನು ಮಕ್ಕಳ ಮನಸ್ಸಿಗೆ ಹತ್ತುವಂತೆ ಹೇಳುವ ಬಗೆ ಹೇಗೆಂದು ಯೋಚಿಸಿ, ಕಂಪ್ಯೂಟರು ಬಲ್ಲ ಬಿಲ್ ಹೈನೆಮನ್, ಪಾಲ್ ಡಿಲೆನ್‌ಬರ್ಗರ್ ಎಂಬ ಇಬ್ಬರು ಗೆಳೆಯರ ಸಹಾಯದಿಂದ ‘ಆರೆಗಾನ್ ಟ್ರೇಲ್’ ಎಂಬ ಆಟವನ್ನು ರಚಿಸಿದನು. ಆಗ ಅದಕ್ಕೆ ಚಿತ್ರವೂ ಇಲ್ಲ, ಪರದೆಯೂ ಇಲ್ಲ. ಟೆಲಿಟೈಪು ಯಂತ್ರವು ಕಾಗದದ ಸುರುಳಿಯ ಮೇಲೆ ಅಕ್ಷರಗಳನ್ನು ಹೊಡೆಯುತ್ತಿತ್ತು. ಎತ್ತುಗಳಿಗೆಷ್ಟು, ಆಹಾರಕ್ಕೆಷ್ಟು, ಬಟ್ಟೆಗೆಷ್ಟು, ಮದ್ದುಗುಂಡಿಗೆಷ್ಟು ಎಂದು ಯಂತ್ರ ಕೇಳುವುದು. ಕೈಯಲ್ಲಿದ್ದ ಹಣವನ್ನು ಮಕ್ಕಳು ಹಂಚಿ ಉತ್ತರ ಕೊಡಬೇಕು. ಬೇಟೆ ಸಿಕ್ಕಬೇಕಾದರೆ ‘ಬ್ಯಾಂಗ್’ ಎಂಬ ಶಬ್ದವನ್ನು ತಪ್ಪಿಲ್ಲದೆ ಬೇಗನೆ ಟೈಪು ಮಾಡಬೇಕು. ಬಟ್ಟೆಗೆ ಹಣ ಉಳಿಸದವರು ಬೆಟ್ಟದ ಚಳಿಗೆ ಸಾಯುವರು. ಸತ್ತವರು ಅಳುವುದಿಲ್ಲ, ಪುನಃ ಬಂಡಿ ಹೂಡುವರು! ಎರಡನೆಯ ಸಲ ಹೊರಟವರು ಬಟ್ಟೆಯ ಲೆಕ್ಕವನ್ನು ಮೊದಲೇ ಹಾಕುತ್ತಿದ್ದರೆಂಬುದನ್ನು, ಇಪ್ಪತ್ತೈದು ವರ್ಷ ಚರಿತ್ರೆಯನ್ನು ಕಲಿಸಿದ ನಮ್ಮ ಗೆಳತಿ ಯಾರೂ ಹೇಳದೆಯೇ ಊಹಿಸಬಲ್ಲಳು. ತಪ್ಪಿದರೆ ನಾಚಿಕೆಯಿಲ್ಲದೆ ಮತ್ತೆ ಮೊದಲಿಂದ ತೊಡಗಬಹುದೆಂಬುದೇ ಈ ಆಟಗಳು ಮಕ್ಕಳಿಗೆ ಕೊಟ್ಟ ದೊಡ್ಡ ಸ್ವಾತಂತ್ರ್ಯ. ನಮ್ಮ ಕಾಲದ ಕೆಂಪು ಶಾಯಿಯು ಒಮ್ಮೆ ಬಿದ್ದಲ್ಲಿ ಬಿದ್ದಹಾಗೆಯೇ ಉಳಿಯುತ್ತಿತ್ತು.

ಆದರೆ ಅದೇ ಆಟದಲ್ಲಿ ಇನ್ನೊಂದು ಸಂಗತಿಯಿದೆ. ಬಂಡಿಯೊಳಗೆ ಕುಳಿತ ಮಗು ವಲಸೆಗಾರನ ವೇಷವನ್ನೇ ತೊಟ್ಟಿರುವುದು. ಅದು ನೋಡುವುದೆಲ್ಲ ವಲಸೆಗಾರನ ಕಣ್ಣಿನಿಂದ. ಆ ನೆಲದಲ್ಲಿ ತಲೆತಲಾಂತರದಿಂದ ಬಾಳಿದ ಜನಾಂಗಗಳು, ಹೊಳೆ ಬೆಟ್ಟಗಳಂತೆ, ದಾರಿಯಲ್ಲಿ ಎದುರಾಗುವ ಒಂದು ಸಂಗತಿ ಮಾತ್ರ. ಅವರ ಗುಡಿಸಲಿನ ಬಾಗಿಲಲ್ಲಿ ನಿಂತು ಬರುತ್ತಿರುವ ಬಂಡಿಗಳ ಸಾಲನ್ನು ನೋಡುವ ಅವಕಾಶ ಬಹುಕಾಲ ಯಾವ ಮಗುವಿಗೂ ಸಿಗಲಿಲ್ಲ. 2021ರಲ್ಲಿ ಹೊರಬಂದ ಹೊಸ ಆವೃತ್ತಿಯಲ್ಲಿ, ಆ ಜನಾಂಗಗಳ ವಿದ್ವಾಂಸರ ಸಲಹೆ ಪಡೆದು, ಅವರ ಪಾತ್ರಗಳನ್ನೂ ಆಡಬಹುದಾದ ವೇಷಗಳಾಗಿ ಸೇರಿಸಿದರು. ನಡುವೆ ಐವತ್ತು ವರ್ಷಗಳು ಕಳೆದಿದ್ದವು. ಯಾವ ವೇಷ ಸಿಕ್ಕಿತೋ ಅಷ್ಟೇ ಚರಿತ್ರೆ ಮಗುವಿಗೆ ದೊರೆಯಿತೆಂದು ಹೇಳಿದರೆ ತಪ್ಪಾಗದು.

ವೇಷವೆಂಬುದು ನಮಗೆ ಹೊಸತಲ್ಲ. ಊರಿನ ಯಕ್ಷಗಾನದ ಆಟದಲ್ಲಿ ಗಂಡಸರೇ ಸ್ತ್ರೀವೇಷ ಕಟ್ಟಿ ದ್ರೌಪದಿಯೂ ದಮಯಂತಿಯೂ ಆಗುತ್ತಿದ್ದರೆ, ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರೇ ರಾಜರು, ಹುಡುಗಿಯರೇ ಸೇನಾಧಿಪತಿಗಳು, ಹುಡುಗಿಯರೇ ವರ್ತಕರು. ಒಂದು ವರ್ಷ ಶೇಕ್ಸ್‌ಪಿಯರನ ವೆನಿಸಿನ ವರ್ತಕನ ನಾಟಕದಿಂದ ನ್ಯಾಯಸ್ಥಾನದ ದೃಶ್ಯವನ್ನು ಆಡಿಸಿದರು. ನಮ್ಮ ಬೆಂಚಿನ ಅತ್ಯಂತ ಮೆತ್ತಗಿನ ಹುಡುಗಿಯನ್ನು, ಹಾಜರಿ ಕೂಗಿದಾಗಲೂ ಎರಡು ಸಲ ಕೂಗಿಸಿಕೊಳ್ಳುತ್ತಿದ್ದವಳನ್ನು, ಉಪಾಧ್ಯಾಯಿನಿಯವರು ಶೈಲಾಕನ ಪಾತ್ರಕ್ಕೆ ಆರಿಸಿದರು. ನಾವೆಲ್ಲ ಬಾಯಿ ಮುಚ್ಚಿಕೊಂಡು ನಕ್ಕೆವು. ಉಣ್ಣೆಯ ಗಡ್ಡವನ್ನು ಅಂಟಿಸಿಕೊಂಡು ಉದ್ದ ನಿಲುವಂಗಿಯನ್ನು ತೊಟ್ಟು ಆಕೆ ರಂಗಕ್ಕೆ ಬಂದು ಮಾತು ತೆಗೆದಾಗ, ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವರ ಕೈಗಳು ನಿಂತವು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಆಕೆಯ ತಂದೆಯವರು ಪಕ್ಕದವರೊಡನೆ, “ಅದು ನಮ್ಮ ಹುಡುಗಿ” ಎಂದು ಹೇಳಿದುದನ್ನು ನಾವು ಪರದೆಯ ಸಂದಿನಿಂದ ಕೇಳಿದೆವು. ಮರುದಿನದಿಂದ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುವ ಕೆಲಸ ಅವಳ ಪಾಲಿಗೆ ಬಂತು. ಗಡ್ಡ ಕಳಚಿತು, ಧ್ವನಿ ಉಳಿಯಿತು. ಈ ಲೇಖನವನ್ನು ಬರೆಯುತ್ತಿರುವ ನಾಲ್ವರಲ್ಲಿ ದಾದಿಯಾದವಳು ಅವಳೇ; ಮುಂದೆ ಒಂದು ದೊಡ್ಡ ಆಸ್ಪತ್ರೆಯ ವಾರ್ಡುಗಳು ಆ ಧ್ವನಿಗೆ ನಡುಗುತ್ತಿದ್ದುವೆಂದು ಕೇಳಿದ್ದೇವೆ. ಆಕೆ ಇದನ್ನು ಒಪ್ಪುವುದಿಲ್ಲ.

ಪರದೆಯ ಮೇಲಿನ ವೇಷಕ್ಕೆ ಲೋಕವೆಲ್ಲ ಇಂದು ಬಳಸುವ ಹೆಸರು ‘ಅವತಾರ’. ನಮ್ಮ ಮನೆಯ ಮಾತೇ ದೇಶಾಂತರ ಹೋಗಿ ಹೊಸ ಅರ್ಥವನ್ನು ತೊಟ್ಟು ಮರಳಿ ಬಂದಂತಾಯಿತು. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬವನು ರಚಿಸಿದ ‘ಅಲ್ಟಿಮಾ’ ಸರಣಿಯ ನಾಲ್ಕನೆಯ ಆಟದ ಹೆಸರಿನಲ್ಲೇ ಈ ಶಬ್ದವಿತ್ತು. ಆ ಆಟವನ್ನು ಕುರಿತು ತಿಳಿದಾಗ ನಮಗೆ ನಿಜವಾಗಿ ಆಶ್ಚರ್ಯವಾಯಿತು. ಆಟ ತೊಡಗುವ ಮೊದಲು ಒಬ್ಬ ಕಣಿ ಹೇಳುವವಳು ಎಲೆಗಳನ್ನು ಹಾಸಿ, ಒಂದು ಸದ್ಗುಣವನ್ನು ಇನ್ನೊಂದರ ಎದುರಿಗಿಟ್ಟು, ಈ ಸಂಕಟದಲ್ಲಿ ನೀನು ಏನು ಮಾಡುವೆ ಎಂದು ಕೇಳುತ್ತ ಹೋಗುವಳು. ಕೊಟ್ಟ ಉತ್ತರಗಳಿಂದಲೇ ಆಟಗಾರನ ಪಾತ್ರ ನಿಶ್ಚಯವಾಗುವುದು. ರಾಕ್ಷಸನನ್ನು ಕೊಲ್ಲುವುದು ಅಲ್ಲಿ ಕೊನೆಯ ಗುರಿಯಲ್ಲ. ಪ್ರಾಮಾಣಿಕತೆ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಗೌರವ, ಆತ್ಮಚಿಂತನೆ, ವಿನಯ ಎಂಬ ಎಂಟು ಗುಣಗಳನ್ನು ಸಾಧಿಸಬೇಕು. ಮೂಲಿಕೆ ಮಾರುವ ಕುರುಡಿಗೆ ಕಡಿಮೆ ಹಣ ಕೊಟ್ಟು ಬಂದರೆ ಅವಳು ಏನೂ ಅನ್ನುವುದಿಲ್ಲ, ಆದರೆ ಪ್ರಾಮಾಣಿಕತೆಯ ಲೆಕ್ಕದಲ್ಲಿ ಅದು ಮೌನವಾಗಿ ಕಳೆಯಲ್ಪಡುವುದು. ಇಂಥ ನೀತಿಪಾಠವನ್ನು ಬೋಧಿಸಲು ನಮ್ಮ ಉಪಾಧ್ಯಾಯಿನಿಯರಿಗೆ ವಾರಕ್ಕೊಂದು ಪೀರಿಯಡು ಬೇಕಾಗುತ್ತಿತ್ತು. ನಾವು ಆ ಹೊತ್ತಿನಲ್ಲಿ ಕಿಟಿಕಿಯಿಂದ ಹೊರಗೆ ನೋಡುತ್ತಿದ್ದೆವು.

ಈಗ ನಮ್ಮ ಮನೆಯ ಮಕ್ಕಳ ಮಾತಿಗೆ ಬರುವೆವು. ನಮ್ಮಲ್ಲೊಬ್ಬಳ ಮೊಮ್ಮಗಳು ಆರನೆಯ ತರಗತಿಯಲ್ಲಿರುವಳು. ಆಕೆಯ ಆಟದ ಹೆಸರು ‘ಮೈನ್‌ಕ್ರಾಫ್ಟ್’. ಸ್ವೀಡನ್ ದೇಶದಲ್ಲಿ 2009ರಲ್ಲಿ ಮೊದಲು ಹೊರಬಂದು 2011ರಲ್ಲಿ ಪೂರ್ಣರೂಪವನ್ನು ಪಡೆದ ಈ ಆಟದಲ್ಲಿ ಲೋಕವೆಲ್ಲ ಚೌಕ ಚೌಕವಾದ ಘನಗಳಿಂದಾದುದು. ಮಣ್ಣನ್ನು ಅಗೆದು, ಮರವನ್ನು ಕಡಿದು, ಬೇಕಾದುದನ್ನು ಕಟ್ಟಬಹುದು. ಒಂದು ಘನದ ಅಂಚು ಒಂದು ಮೀಟರು ಎಂದು ಲೆಕ್ಕ. ಕಳೆದ ಬೇಸಗೆಯ ರಜೆಯಲ್ಲಿ ಆ ಹುಡುಗಿ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹಳೆಯ ಫೋಟೋ ಒಂದನ್ನು ಕಂಡು, ಅದರಲ್ಲಿ ನಮ್ಮ ಹಿಂದೆ ಕಾಣುತ್ತಿದ್ದ ಹಳೆಯ ಬೋರ್ಡಿಂಗಿನ ಕಟ್ಟಡವನ್ನು ಆಟದೊಳಗೆ ಎಬ್ಬಿಸಲು ಹೊರಟಳು. ಆ ಕಟ್ಟಡವನ್ನು ಕೆಡವಿ ಎಷ್ಟೋ ಕಾಲವಾಯಿತೆಂಬುದು ವಾಚಕರಿಗೆ ತಿಳಿದೇ ಇದೆ. ಫೋಟೋದಲ್ಲಿ ಕಾಣುವುದು ಮುಂಭಾಗ ಮಾತ್ರ. ಹಿಂಭಾಗದಲ್ಲಿ ಕಿಟಿಕಿಗಳೆಷ್ಟು, ಜಗಲಿಗೆ ಕಂಬಗಳೆಷ್ಟು, ಬಾವಿಕಟ್ಟೆಯಿಂದ ಅಡಿಗೆಮನೆಗೆ ಹೆಜ್ಜೆಗಳೆಷ್ಟು ಎಂದು ಆಕೆ ನಮ್ಮನ್ನು ಪೀಡಿಸತೊಡಗಿದಳು. ಹಂಚಿನ ಮಾಡಿಗೆ ಇಡೀ ಘನಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟರೆ ಇಳಿಜಾರು ಅತಿ ಕಡಿದಾಗಿ ನಮ್ಮ ಬೋರ್ಡಿಂಗು ಯಾವುದೋ ಗೋಪುರದಂತೆ ಕಂಡಿತು. ಅರ್ಧ ಘನಗಳನ್ನು ಇಟ್ಟರೆ ಎರಡಕ್ಕೆ ಒಂದರಂತೆ ಇಳಿಯುವುದೆಂದು ಅವಳೇ ಕಂಡುಕೊಂಡಳು. ಪ್ರಮಾಣವೆಂಬ ಗಣಿತವನ್ನು ಅವಳ ತರಗತಿಯಲ್ಲಿ ಆಗಿನ್ನೂ ತೊಡಗಿರಲಿಲ್ಲ.

ಹಿಂದಿನ ಕಿಟಿಕಿಗಳ ವಿಷಯದಲ್ಲಿ ಮಾತ್ರ ನಮ್ಮೊಳಗೆ ಜಗಳವೇ ಆಯಿತು. ಒಬ್ಬಳು ಆರು ಎಂದಳು, ಒಬ್ಬಳು ಎಂಟು ಎಂದಳು. ಕೊನೆಗೆ ಯಾವ ಕಿಟಿಕಿಯ ಕೆಳಗೆ ಯಾರ ಚಾಪೆ ಎಂದು ಒಬ್ಬೊಬ್ಬರನ್ನಾಗಿ ನೆನೆದು ಎಣಿಸಿದಾಗ ಏಳು ಎಂದು ತೀರ್ಮಾನವಾಯಿತು. ಏಳನೆಯದು ಮೂಲೆಯ ಕಿಟಿಕಿ. ಅದರ ಕೆಳಗೆ ಮಲಗುತ್ತಿದ್ದವಳು ಎಂಟನೆಯ ತರಗತಿಯ ನಡುವೆ, ದಸರಾ ರಜೆಗೆಂದು ಊರಿಗೆ ಹೋಗಿ, ಮದುವೆಯಾಗಿ, ಮತ್ತೆ ಬರಲಿಲ್ಲ. ಅವಳ ಹೆಸರು ನಮ್ಮ ನಾಲ್ವರ ಬಾಯಲ್ಲಿ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮಗು ಏನೂ ತಿಳಿಯದೆ, “ಹಾಗಾದರೆ ಏಳು” ಎಂದು ಕಿಟಿಕಿಯನ್ನು ಕೂಡಿಸಿತು.

ಕಟ್ಟಡ ಮುಗಿದ ಮೇಲೆ ಜಗಲಿಯಲ್ಲಿ ಒಬ್ಬ ಗಂಡಸು ನಿಂತಿರುವುದನ್ನು ಕಂಡು, ಹುಡುಗಿಯರ ಬೋರ್ಡಿಂಗಿನಲ್ಲಿ ಇವನಾರೆಂದು ಅಜ್ಜಿ ಕೇಳಿದಳು. “ಇದು ನಾನೇ ಅಜ್ಜಿ, ಇವನ ಹೆಸರು ಸ್ಟೀವ್” ಎಂದು ಉತ್ತರ ಬಂತು. ಆಟವು ತಾನಾಗಿ ಕೊಡುವ ಹಳೆಯ ವೇಷ ಅದೇ. ಆಲೆಕ್ಸ್ ಎಂಬ ಎರಡನೆಯ ರೂಪವು ಸೇರಿದುದು 2014ರಲ್ಲಿ. ಇದಕ್ಕೂ ಬಹಳ ಹಿಂದೆ, 1986ರಲ್ಲಿ, ಜಪಾನಿನ ‘ಮೆಟ್ರಾಯ್ಡ್’ ಎಂಬ ಆಟದಲ್ಲಿ ತಲೆಯಿಂದ ಕಾಲಿನವರೆಗೆ ಕವಚ ತೊಟ್ಟ ವೀರನನ್ನು ಮಕ್ಕಳು ಗಂಡಸೆಂದೇ ತಿಳಿದು ಆಡಿ, ಸಾಕಷ್ಟು ಬೇಗನೆ ಆಟವನ್ನು ಗೆದ್ದಾಗ ಕವಚ ಕಳಚಿ ಒಳಗಿದ್ದವಳು ಹೆಂಗಸೆಂದು ಕಂಡು ಬೆರಗಾದರಂತೆ. ನಮ್ಮ ಮಗುವಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಎರಡು ದಿನ ಕುಳಿತು, ಚುಕ್ಕಿ ಚುಕ್ಕಿಯಾಗಿ ಬಣ್ಣ ತುಂಬಿ, ಎರಡು ಜಡೆ ಹೆಣೆದು ನೀಲಿ ಲಂಗ ಬಿಳಿ ರವಿಕೆ ತೊಟ್ಟ ಹುಡುಗಿಯೊಬ್ಬಳನ್ನು ತಾನೇ ಮಾಡಿ ಜಗಲಿಯಲ್ಲಿ ನಿಲ್ಲಿಸಿದಳು. ಅದು ನಮ್ಮ ಕಾಲದ ಸಮವಸ್ತ್ರ, ಫೋಟೋದಲ್ಲಿದ್ದುದು. ಅವಳ ಶಾಲೆಯಲ್ಲಿ ಈಗ ಚೂಡಿದಾರವೂ ಕೋಟೂ.

ಎರಡನೆಯ ಹುಡುಗಿಯ ಕಥೆ ಇಷ್ಟು ಸರಳವಲ್ಲ. ಅವಳು ನಮ್ಮಲ್ಲಿ ಇನ್ನೊಬ್ಬಳ ತಂಗಿಯ ಸೊಸೆಯ ಕಡೆಯಿಂದ ಬಂದ ಮಗು; ಸಂಬಂಧವನ್ನು ಬಿಡಿಸಿ ಹೇಳಹೊರಟರೆ ಸಂಚಿಕೆಯ ಪುಟಗಳು ಸಾಲವು. ಒಂಬತ್ತನೆಯ ತರಗತಿ. ತರಗತಿಯಲ್ಲಿ ಬಾಯಿ ಬಿಡುವುದಿಲ್ಲವೆಂದು ಉಪಾಧ್ಯಾಯಿನಿಯವರ ದೂರು. ಮನೆಯಲ್ಲಿ ಮೊಬೈಲು ಬಿಡುವುದಿಲ್ಲವೆಂದು ತಾಯಿಯ ದೂರು. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವೆನೆಂದು ಹೊರಟಿದ್ದ ತಾಯಿಯನ್ನು ತಡೆದು, ಅವಳು ಆಡುವುದನ್ನು ಒಮ್ಮೆ ನೋಡೋಣವೆಂದು ನಾವು ನಾಲ್ವರೂ ಹೋಗಿ ಸುತ್ತ ಕುಳಿತೆವು. ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಯುದ್ಧದ ಆಟ; ಇದರ ಮೊದಲಿನ ರೂಪವಾದ ‘ಪಬ್ಜಿ’ಯನ್ನು ನಮ್ಮ ಸರಕಾರವು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ ಮೇಲೆ 2021ರಲ್ಲಿ ಈ ಹೆಸರಿನಲ್ಲಿ ಬಂದುದು. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುವರು. ನಿಲ್ಲಬಹುದಾದ ನೆಲವು ವರ್ತುಲವಾಗಿ ಕುಗ್ಗುತ್ತ ಬರುವುದು. ಕೊನೆಗೆ ಉಳಿದ ತಂಡಕ್ಕೆ ಜಯ. ನಾಲ್ವರ ಒಂದು ತಂಡ. ನಮ್ಮಲ್ಲೊಬ್ಬಳು ಅದನ್ನು ಕೈಗೆ ತೆಗೆದುಕೊಂಡು ಧುಮುಕಿದಳು. ನೆಲ ಮುಟ್ಟಿದ ಅರೆನಿಮಿಷದಲ್ಲಿ ವೀರಸ್ವರ್ಗವನ್ನು ಸೇರಿದಳು.

ಹುಡುಗಿ ಆಡುವಾಗ ನಾವು ಬೇರೆಯೇ ಒಬ್ಬಳನ್ನು ಕಂಡೆವು. ಎಲ್ಲಿ ಇಳಿಯಬೇಕು, ಯಾವ ಗುಡ್ಡದ ಮರೆಯಲ್ಲಿ ಹೋಗಬೇಕು, ಯಾರಿಗೆ ಮದ್ದು ಸಾಲದು ಎಂಬುದನ್ನೆಲ್ಲ ಆಕೆ ನಕ್ಷೆಯನ್ನು ನೋಡಿ ಕ್ಷಣಾರ್ಧದಲ್ಲಿ ಅರಿತು, ಉಳಿದ ಮೂವರಿಗೆ ಗುರುತು ಹಾಕಿ ತೋರಿಸುತ್ತಿದ್ದಳು. ಆ ಮೂವರು ಅಪರಿಚಿತರು ಅವಳು ತೋರಿಸಿದ ದಾರಿಯಲ್ಲೇ ನಡೆಯುತ್ತಿದ್ದರು. ಆದರೆ ಅವರೆಲ್ಲ ಮಾತಾಡುತ್ತಿದ್ದರೆ ಇವಳದು ಮೌನ. ಪರದೆಯ ಮೇಲಿನ ಹೆಸರು ಒಬ್ಬ ಹುಡುಗನದು. ಕಾರಣ ಕೇಳಿದಾಗ ಅವಳು ತಲೆಯೆತ್ತದೆ ಹೇಳಿದಳು: “ಧ್ವನಿ ಕೇಳಿದರೆ ಹುಡುಗಿಯೆಂದು ಗೊತ್ತಾಗುತ್ತದೆ, ದೊಡ್ಡಮ್ಮ. ಆಮೇಲೆ ಅವರು ಆಟದ ಮಾತು ಬಿಟ್ಟು ಬೇರೆ ಮಾತು ಆಡುತ್ತಾರೆ.” ಆ ಬೇರೆ ಮಾತು ಯಾವುದೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಓಡಾಡಿ ಓದಿದವರಿಗೆ ಕೇಳಬೇಕಾಗಿಯೂ ಇರಲಿಲ್ಲ.

ನಮ್ಮ ಶೈಲಾಕನಿಗೆ ಗಡ್ಡ ಸುಳ್ಳಾದರೂ ಧ್ವನಿ ನಿಜವಾದುದು. ಗಡ್ಡದ ಒಳಗಿರುವವಳು ಯಾರೆಂದು ಸಭೆಗೆಲ್ಲ ತಿಳಿದಿತ್ತು. ಈ ಮಗುವಿನ ಜಾಣ್ಮೆಗೆ ಬಂದ ಮೆಚ್ಚುಗೆಯೆಲ್ಲ ಇಲ್ಲದ ಹುಡುಗನೊಬ್ಬನ ಲೆಕ್ಕಕ್ಕೆ ಜಮೆಯಾಗುತ್ತಿದೆ. ತರಗತಿಯಲ್ಲಿ ಬಾಯಿ ಬಿಡದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೆಂದು ನಮ್ಮ ಇಬ್ಬರು ಉಪಾಧ್ಯಾಯಿನಿಯರ ಅಭಿಪ್ರಾಯ. ಇಲ್ಲವೆಂದು ದಾದಿಯ ಅಭಿಪ್ರಾಯ.

ಕೇಡಿನ ಮಾತನ್ನು ಮರೆಮಾಡುವುದು ನಮ್ಮ ಉದ್ದೇಶವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲು, ಇಂಟರ್‌ನೆಟ್ಟು, ಆಟಗಳ ಮಿತಿಮೀರಿದ ಬಳಕೆಗೆಂದೇ 2014ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆಯಬೇಕಾಯಿತು. ಜಾಗತಿಕ ಆರೋಗ್ಯ ಸಂಸ್ಥೆಯು ಆಟದ ಗೀಳನ್ನು ವ್ಯಾಧಿಗಳ ಪಟ್ಟಿಯಲ್ಲಿ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಆದರೆ ದಾದಿಯ ಮಾತನ್ನು ತಾಯಂದಿರು ಗಮನಿಸಬೇಕು: ಎರಡು ಗಂಟೆ ಆಡಿದ ಮಾತ್ರಕ್ಕೆ ಅದು ವ್ಯಾಧಿಯಲ್ಲ. ಹಿಡಿತ ತಪ್ಪಿ, ಊಟ ನಿದ್ರೆ ಓದುಗಳೆಲ್ಲ ಹಿಂದಾಗಿ, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದೆ, ಆ ಸ್ಥಿತಿ ಸಾಮಾನ್ಯವಾಗಿ ವರ್ಷದಷ್ಟು ಕಾಲ ಮುಂದುವರಿದರೆ ಆಗ ವೈದ್ಯರು ಆ ಹೆಸರನ್ನು ಕೊಡುವರು. ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು, ಒಳ್ಳೆಯದಾಯಿತು. ಇನ್ನೊಂದು ವ್ಯಾಪಾರವುಂಟು, ಅದು ಇಷ್ಟು ಢಾಳಾಗಿ ಕಾಣದು. ಆಟವನ್ನು ಪುಕ್ಕಟೆಯಾಗಿ ಕೊಟ್ಟು ವೇಷಗಳನ್ನು ಮಾರುವುದು! ಬಂದೂಕಿಗೊಂದು ಬಣ್ಣ, ಅಂಗಿಗೊಂದು ಮಿಂಚು. ಅವುಗಳಿಂದ ಬಲ ಹೆಚ್ಚದಿದ್ದರೂ ಅವು ಇಲ್ಲದವಳು ಜೊತೆಗಾರರ ನಡುವೆ ಬಡವಿ. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಅದೃಷ್ಟದ ಮೇಲೆ ಮಾರುವ ಪದ್ಧತಿಯೂ ಇದೆ. ಬೆಲ್ಜಿಯಮ್ ದೇಶವು 2018ರಲ್ಲಿಯೇ ಅದನ್ನು ಜೂಜೆಂದು ತೀರ್ಮಾನಿಸಿತು. ಎರಡು ಜಡೆಯ ಹುಡುಗಿಯನ್ನು ತಾನೇ ಮಾಡಿಕೊಂಡವಳಿಗೂ ಹೊಳೆಯುವ ಅಂಗಿಯನ್ನು ತಂದೆಯ ಹಣದಿಂದ ಕೊಂಡವಳಿಗೂ ಇರುವ ಅಂತರವನ್ನು ಮನೆಯವರು ಗುರುತಿಸಬೇಕೆಂದು ನಮ್ಮ ಕೋರಿಕೆ.

ಇದಿಷ್ಟೂ ಕೈಯಲ್ಲಿ ಮೊಬೈಲು ಇದ್ದವರ ಮಾತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಪಾಠವೂ ಆಟವೂ ಒಂದೇ ಗಾಜಿನ ಹಲಗೆಯೊಳಗೆ ಬಂದು ಕೂತವು. ದೂರದರ್ಶನದ ಚಂದನ ವಾಹಿನಿಯಲ್ಲೂ ಪಾಠಗಳು ಬಂದವು ನಿಜ. ಆದರೂ ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಮೊಬೈಲು. ಅದು ಮೊದಲು ಅಣ್ಣನಿಗೆ, ಅವನ ಪಾಠ ಮುಗಿದ ಮೇಲೆ ಅವನ ಆಟಕ್ಕೆ, ಉಳಿದ ಹೊತ್ತು ತಂಗಿಗೆ. ಆಗ ಪಾಠ ಹೇಳುತ್ತಿದ್ದ ನಮ್ಮ ಗೆಳತಿ, ಪರದೆಯ ಮೇಲೆ ಹುಡುಗರ ಹೆಸರುಗಳು ಹೆಚ್ಚಾಗಿಯೂ ಹುಡುಗಿಯರ ಹೆಸರುಗಳು ಒಂದೊಂದಾಗಿ ಆರಿಹೋಗುವುದನ್ನೂ ನೋಡುತ್ತ ಕುಳಿತ ದಿನಗಳನ್ನು ಇಂದಿಗೂ ಹೇಳುವಳು. ಆ ಹೆಸರುಗಳಲ್ಲಿ ಎರಡು ಶಾಲೆ ತೆರೆದ ಮೇಲೂ ಹಾಜರಿ ಪುಸ್ತಕಕ್ಕೆ ಮರಳಲಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯ ವಿಷಯದಲ್ಲಿ ನಮ್ಮ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮಲ್ಲೊಬ್ಬಳು ಶಾರ್ಲಟ್ ಬ್ರಾಂಟಿಯ ಉದಾಹರಣೆಯನ್ನು ಎತ್ತಿದಳು. ‘ಜೇನ್ ಏರ್’ ಕಾದಂಬರಿ 1847ರಲ್ಲಿ ಪ್ರಕಟವಾದಾಗ ಅದರ ಮೇಲಿದ್ದುದು ಕರರ್ ಬೆಲ್ ಎಂಬ, ಗಂಡಸಿನದೆಂದು ತೋರುವ ಹೆಸರು. ಬಾಗಿಲು ತೆರೆಯುವವರೆಗೆ ಹೆಸರನ್ನು ಮರೆಸುವುದು ಜಾಣತನವೇ ಹೊರತು ಹೇಡಿತನವಲ್ಲ ಎಂದು ಅವಳ ವಾದ. ಬ್ರಾಂಟಿಯ ನಿಜವಾದ ಹೆಸರು ಕೊನೆಗೆ ಹೊರಬಿದ್ದುದರಿಂದಲ್ಲವೆ ನೀನು ಅವಳನ್ನು ಹೆಸರಿಸಬಲ್ಲೆ ಎಂದು ಇನ್ನೊಬ್ಬಳ ಮರುಪ್ರಶ್ನೆ. ಮೂರನೆಯವಳು ಚಹಾ ತಣ್ಣಗಾಗುತ್ತಿದೆ ಎಂದಳು. ಶೈಲಾಕನು ಮಾತ್ರ ಏನನ್ನೂ ಹೇಳದೆ, ಹುಡುಗಿಯನ್ನು ಹೊರಗೆ ಕರೆದು ಜಗಲಿಯಲ್ಲಿ ಬಹಳ ಹೊತ್ತು ಅವಳೊಡನೆ ಮಾತಾಡಿದಳು. ಏನು ಮಾತಾಡಿದಳೆಂಬುದನ್ನು ನಮಗೆ ತಿಳಿಸಿಲ್ಲ. ಆ ಮೇಲೆ ಎರಡು ತಿಂಗಳಿಗೆ, ಆ ಮಗು ತನ್ನ ತರಗತಿಯ ಮೂವರು ಹುಡುಗಿಯರನ್ನು ಕೂಡಿಸಿಕೊಂಡು ಒಂದು ತಂಡ ಕಟ್ಟಿರುವಳೆಂದು ತಾಯಿ ಫೋನಿನಲ್ಲಿ ತಿಳಿಸಿದಳು. ಶನಿವಾರ ಸಂಜೆ ಒಂದು ಗಂಟೆಯ ಹೊತ್ತು, ಮನೆಯವರ ಒಪ್ಪಿಗೆಯಿಂದ. ಆ ಗಂಟೆಯಲ್ಲಿ ಅವಳು ಹಾಕುವ ಕೂಗು ಅಡಿಗೆಮನೆಯನ್ನು ದಾಟಿ ಪಕ್ಕದ ಮನೆಗೂ ಕೇಳುವುದಂತೆ. ಪರದೆಯ ಮೇಲಿನ ಹುಡುಗನ ಹೆಸರನ್ನು ಮ್ಾತ್ರ ಅವಳು ಇನ್ನೂ ಬದಲಾಯಿಸಿಲ್ಲ.